ಅರವತ್ತೊಂದು ಖಣ

ಗೊಬ್ಬೂರಿನ ಗಾಣದ ಚಂದಪ್ಪನ ಮನೆಯಲ್ಲಿ ಬೀಗ ಹಾಕಿಡುವಂಥದ್ದು ಏನೂ ಇರಲಿಲ್ಲ. ಜೋಳದ ಗುಮ್ಮಿ ಅರ್ಧ ವರ್ಷ ಖಾಲಿ, ಎಣ್ಣೆಯ ಡಬ್ಬಿಗೆ ಮುಚ್ಚಳವೇ ಸರಿಯಾಗಿ ಕೂಡುತ್ತಿರಲಿಲ್ಲ. ಆಳಂದದಲ್ಲಿ ಇಂಜಿನ್ನಿನ ಗಾಣ ಬಂದ ಮೇಲೆ ಚಂದಪ್ಪನ ಎತ್ತು ಸುತ್ತುವುದಕ್ಕಿಂತ ನಿಲ್ಲುವುದೇ ಹೆಚ್ಚಾಗಿತ್ತು. ಆದರೂ ನಡುಮನೆಯ ಮೂಲೆಯಲ್ಲಿ ಒಂದು ತಗಡಿನ ಸಂದೂಕವಿತ್ತು, ಅದಕ್ಕೆ ಬೀಗವಿತ್ತು, ಆ ಬೀಗದ ಕೀಲಿ ಚಂದಪ್ಪನ ಹೆಂಡತಿ ಬಾಳಮ್ಮನ ಸೊಂಟದಲ್ಲಿ ಇಪ್ಪತ್ತೆರಡು ವರ್ಷದಿಂದ ಇತ್ತು. ಒಳಗೆ ಅರವತ್ತೊಂದು ಖಣ.

ಖಣವೆಂದರೆ ಒಂದು ಕುಪ್ಪಸಕ್ಕಾಗುವಷ್ಟು ಬಟ್ಟೆ, ಗುಳೇದಗುಡ್ಡದ ಮಗ್ಗದಲ್ಲಿ ನೇಯ್ದದ್ದು. ಆದರೆ ಅದನ್ನು ಹೊಲಿಸಿಕೊಳ್ಳುವವರು ಕಡಿಮೆ. ಮುತ್ತೈದೆ ಮನೆಗೆ ಬಂದರೆ ಅಕ್ಕಿ, ಕೊಬ್ಬರಿ, ಖಣ ಹಾಕಿ ಉಡಿ ತುಂಬಬೇಕು. ಅವಳು ಅದನ್ನು ತನ್ನ ಮನೆಗೆ ಒಯ್ದು ಹಾಗೇ ಮಡಿಸಿಟ್ಟು ಮುಂದೆ ಯಾರದೋ ಉಡಿಗೆ ಹಾಕುತ್ತಾಳೆ. ಹೀಗೆ ಒಂದೇ ಖಣ ಅಫಜಲಪುರದಿಂದ ಜೇವರ್ಗಿಗೆ, ಜೇವರ್ಗಿಯಿಂದ ಆಳಂದಕ್ಕೆ ಹತ್ತು ವರ್ಷ ತಿರುಗಿದರೂ ಸೂಜಿ ಕಾಣದೆ ಇರುವುದುಂಟು. ಇದರಲ್ಲಿ ಯಾರಿಗೂ ನಾಚಿಕೆ ಇಲ್ಲ, ಎಲ್ಲರೂ ಮಾಡುವುದೇ. ನಾಚಿಕೆ ಇರುವುದು ಒಂದೇ ಕಡೆ: ಕೊಟ್ಟವಳ ಉಡಿಗೆ ಅವಳೇ ಕೊಟ್ಟ ಖಣ ಬೀಳಬಾರದು. ಊರಲ್ಲಿ ಹಿಂದೊಮ್ಮೆ ಒಂದು ತೊಟ್ಟಿಲ ಕಾರ್ಯದಲ್ಲಿ ಹಾಗೆ ಬಿದ್ದು, ಆ ಹೆಣ್ಣುಮಗಳು ಎಲೆಯ ಮುಂದಿನಿಂದ ಎದ್ದು ಹೋಗಿ, ಎರಡೂ ಮನೆಯವರು ಮೂರು ವರ್ಷ ಬೆಂಕಿ ಸಹ ಕೊಟ್ಟು ತೆಗೆದುಕೊಳ್ಳಲಿಲ್ಲ.

ಎಲ್ಲರೂ ತಿರುಗಿಸುತ್ತಿದ್ದುದನ್ನು ಬಾಳಮ್ಮ ಕೂಡಿಡುತ್ತಿದ್ದಳು. ದುಡ್ಡು ಕೊಟ್ಟು ಒಂದನ್ನೂ ಕೊಂಡವಳಲ್ಲ, ಕೊಳ್ಳಲು ಇರಲೂ ಇಲ್ಲ. ಉಡಿಗೆ ಬಿದ್ದ ಖಣ ತನ್ನಲ್ಲಿಲ್ಲದ ನೇಯ್ಗೆಯದಾದರೆ ಸಂದೂಕಕ್ಕೆ, ಇರುವ ನೇಯ್ಗೆಯದಾದರೆ ಮುಂದಿನ ಮನೆಗೆ. ಬಣ್ಣ ಬೇರೆಯಾದರೆ ಲೆಕ್ಕವಿಲ್ಲ, ನೇಯ್ಗೆ ಬೇರೆಯಾಗಬೇಕು. ತೇರು, ಆನೆಹೆಜ್ಜೆ, ಸೂಜಿಮಲ್ಲಿಗೆ, ಕಳವಾರ, ಚಿಕ್ಕಿ ಎಂದು ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಿದ್ದಳು. ಯಾವುದು ಯಾವ ವರ್ಷ ಯಾರ ಕೈಯಿಂದ ಬಂತು ಎನ್ನುವುದು ಅಕ್ಷರ ಬಾರದ ಆ ಹೆಂಗಸಿನ ತಲೆಯಲ್ಲಿ ಅಚ್ಚೊತ್ತಿದಂತೆ ಕೂತಿತ್ತು. ಆಷಾಢದಲ್ಲೊಮ್ಮೆ ಅವನ್ನೆಲ್ಲ ತೆಗೆದು ಮಡಿಕೆ ಸಹಿತ ಸಾಲಾಗಿಟ್ಟು, ಹೊಸ ಬೇವಿನ ಎಲೆ ಇಟ್ಟು, ಒಂದು ಮಧ್ಯಾಹ್ನವಿಡೀ ನೋಡುತ್ತ ಕೂರುವಳು. ಅವಳಿಗೆ ಬೇರೆ ತೀರ್ಥಯಾತ್ರೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಯುದ್ಧದ ಕಾಲ. ಬಟ್ಟೆಗೆ ಕಂಟ್ರೋಲು ಬಂದ ಆ ವರ್ಷವೇ ಮಗಳು ದ್ರೌಪದಿಗೆ ಹಿರೋಳ್ಳಿಯ ಗಂಡು ಗೊತ್ತಾಯಿತು. ನಿಶ್ಚಯಕ್ಕೆ ಬಂದ ಗಂಡಿನ ಸೋದರತ್ತೆ ಗಂಗುಬಾಯಿ ವೀಳ್ಯ ಮಡಿಸುತ್ತ ತಮ್ಮ ಕಡೆಯ ಮಾತು ಹೇಳಿದಳು.

"ವರದಕ್ಷಿಣಿ ನಾವು ಕೇಳಂಗಿಲ್ರಿ. ಬಂಗಾರ ಕೇಳಂಗಿಲ್ಲ. ಆದ್ರ ನಮ್ಮ ಕಡಿಂದ ಬಂದ ಒಬ್ಬ ಹೆಣಮಗಳೂ ಖಣ ಇಲ್ಲದ ಉಡೀಲಿ ಬಂಡಿ ಹತ್ತಬಾರದು. ಅಷ್ಟೇ ನೋಡ್ರಿ."

"ಅಷ್ಟರೆ ಆಗಬೇಕಲ್ರಿ ಬೀಗ್ರ," ಎಂದ ಚಂದಪ್ಪ. ವರದಕ್ಷಿಣೆ ಉಳಿಯಿತೆಂಬ ಹುರುಪಿನಲ್ಲಿ ಅವನು ಏನು ಕೇಳಿದ್ದರೂ ಹೂಂ ಎನ್ನುತ್ತಿದ್ದ.

ಈ ಗಂಗುಬಾಯಿಯ ಒಂದು ಗುಣ ಸುತ್ತ ಹತ್ತೂರಿಗೆ ಗೊತ್ತಿತ್ತು. ತಾನು ಕೊಡುವ ಪ್ರತಿ ಖಣದ ಮೂಲೆಗೂ ನೀಲಿ ದಾರದ ಸಣ್ಣ ಗಂಟು ಹಾಕಿ ಕೊಡುತ್ತಿದ್ದಳು. ಎಲ್ಲಿ ಹೋಗಿ ಎಲ್ಲಿ ಬರುತ್ತದೆ ನೋಡೋಣ ಎಂದು.

ಮದುವೆ ಮಾಘದಲ್ಲಿ, ನಡುವೆ ನಾಲ್ಕೇ ವಾರ. ಜೇವರ್ಗಿಯಿಂದ ಕುದುರೆಯ ಮೇಲೆ ಬಟ್ಟೆ ಹೇರಿಕೊಂಡು ಬರುವ ಪೀರಸಾಬನಿಗಾಗಿ ಬಾಳಮ್ಮ ಕಾದಳು. ಅವನು ಬಂದ, ಕುದುರೆಯ ಮೇಲೆ ಗಂಟು ಇರಬೇಕಾದಲ್ಲಿ ಅವನೇ ಕೂತಿದ್ದ.

"ಅಕ್ಕಾ, ಗುಳೇದಗುಡ್ಡದಾಗ ಮಗ್ಗ ಸುಮ್ಮ ಕುಂತಾವ. ನೂಲಿಲ್ಲ, ರೇಷ್ಮಿ ಇಲ್ಲ. ಇದ್ದಿದ್ದು ಏಳು ಖಣ. ನಿನ್ನ ಮಗಳ ಶಾದಿ ಅಂತ ಯಾರಿಗೂ ಕೊಡದಂಗ ಇಟ್ಕೊಂಡು ಬಂದೇನಿ."

"ಏಳರಾಗ ಏನಾಗ್ತದೋ ತಮ್ಮಾ. ಎಪ್ಪತ್ತು ಬೇಕು."

"ಎಪ್ಪತ್ತು ಇಡೀ ಜಿಲ್ಲಾದಾಗ ಇಲ್ಲಕ್ಕಾ."

ಏಳು ಖಣಕ್ಕೆ ಕುಸುಬಿ ಎಣ್ಣೆ ಅಳೆದುಕೊಟ್ಟಳು. ಮನೆಯಲ್ಲಿ ತಿರುಗಿಸಲಿಕ್ಕೆಂದು ಇಟ್ಟದ್ದು ಒಂಬತ್ತು. ಹದಿನಾರಾದವು. ಅಂದು ಊಟಕ್ಕೆ ಕೂತಾಗ ಚಂದಪ್ಪ ರೊಟ್ಟಿ ಮುರಿಯುತ್ತ ಮಾತು ತೆಗೆದ.

"ಎದಕ್ಕ ತಲಿ ಕೆಡಿಸ್ಕೊಳ್ಳೂದು? ಸಂದೂಕ ತೆಗಿ. ಅದರಾಗ ಅರವತ್ತೊಂದು ಅವ. ಮದುವಿ ಆಗೇ ಹೋತು."

"ಅವು ಕೊಡೂವಲ್ಲ," ಎಂದಳು ಬಾಳಮ್ಮ.

"ಕೊಡೂವಲ್ಲಂದ್ರ ಎದಕ್ಕಿಟ್ಟೀದಿ ಬೇ?"

"ನೋಡಾಕ."

ಮಗ ಭೀಮಶಾ ನಕ್ಕುಬಿಟ್ಟ. "ಅವ್ವಾ, ನೋಡಿದ್ರ ಹೊಟ್ಟಿ ತುಂಬ್ತದೇನು?"

"ನಿಮ್ಮಪ್ಪ ದಿನಾ ಸಂಜಿಗಿ ಚಿಲುಮಿ ಸೇದ್ತಾರ. ಅದರಿಂದ ಯಾರ ಹೊಟ್ಟಿ ತುಂಬೇದ? ನಾ ಒಂದಿನರೆ ಬ್ಯಾಡ ಅಂದೇನಿ?"

ಚಂದಪ್ಪನ ತಾಯಿ ಸಾಬಮ್ಮ ಎಂಬತ್ತರ ಮುದುಕಿ, ಹಲ್ಲಿಲ್ಲದ ಬಾಯಿಗೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸುತ್ತಿದ್ದಳು. "ನನ್ನ ಗಂಡಗ ಹುಂಜಾ ಕಾದಸೂ ಹುಚ್ಚಿತ್ತು. ಒಂದೊಂದು ಹುಂಜ ದಿನಕ್ಕ ಪಾವು ಕಾಳು ತಿಂತಿತ್ತು. ಇಕಿ ಹುಚ್ಚು ಕಾಳರೆ ತಿನ್ನಂಗಿಲ್ಲ," ಎಂದಳು.

ಆಗ ಸೊಸೆ ಸಕ್ಕುಬಾಯಿ ಪುಂಡಿಪಲ್ಯದ ಬೋಗುಣಿ ನೆಲಕ್ಕೆ ಇಟ್ಟಳು. ಮದುವೆಯಾಗಿ ಬಂದು ನಾಲ್ಕು ವರ್ಷವಾದರೂ ಮಾವನ ಮುಂದೆ ದನಿ ಎತ್ತಿದವಳಲ್ಲ.

"ಮಾವ ಅನ್ನೂದು ಖರೇ ಅದರಿ ಅತ್ತಿ. ನನ್ನ ಕುಪ್ಪಸಕ್ಕ ಮೂರು ಕಡಿ ತ್ಯಾಪಿ ಬಿದ್ದದ. ಮನ್ಯಾಗ ಅರವತ್ತೊಂದು ಖಣ ಇಟ್ಕೊಂಡು ಸೊಸಿ ತ್ಯಾಪಿ ಕುಪ್ಪಸ ತೊಟ್ಟು ಬಾವಿಗಿ ಹೋಗ್ತಾಳ. ಮಂದಿ ಏನಂತಾರ? ನನ್ನ ಮದುವ್ಯಾಗ ನಮ್ಮವ್ವ ಕೊಟ್ಟದ್ದೂ ಅದರಾಗೇ ಅದ. ನಾ ಒಂದಿನರೆ ಕೇಳೇನೇನ್ರಿ?"

ಕಣ್ಣೊರೆಸಿಕೊಂಡು ಅವಳು ಒಳಗೆ ಹೋದಳು. ಬಾಳಮ್ಮ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟಳು. ಸೊಸೆಯ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಅವಳನ್ನು ಹೆಚ್ಚು ನೋಯಿಸಿತು.

ಮರುದಿನ ಬೆಳಿಗ್ಗೆ ಎತ್ತಿಗೆ ಕಣ್ಣುಪಟ್ಟಿ ಕಟ್ಟುತ್ತಿದ್ದ ಗಂಡನ ಹತ್ತಿರ ಹೋಗಿ ಬಾಳಮ್ಮ ನಿಂತಳು.

"ಮದುವಿಗಿ ಬರೂ ಹೆಣಮಕ್ಕಳು ಆಯೇರಿ ಅಂತ ಖಣ ತರ್ತಾರಲ್ರಿ?"

"ತರ್ತಾರ."

"ಊರ ಮಂದಿ ತಂದಿದ್ದು ಹಿರೋಳ್ಳಿಯವರ ಉಡಿಗಿ. ಹಿರೋಳ್ಳಿಯವರು ತಂದಿದ್ದು ಊರ ಮಂದಿ ಉಡಿಗಿ. ಮೊದಲ ಹೊಂಡೂವರಿಗಿ ಈ ಹದಿನಾರು. ಬಂದದ್ದು ಬಂದಂಗ ಹೋಗ್ತಾವ."

ಚಂದಪ್ಪ ಎತ್ತನ್ನು ಬಿಟ್ಟು ಅವಳನ್ನೇ ನೋಡಿದ. "ತಲಿ ನೆಟ್ಟಗ ಅದ ಇಲ್ಲೋ? ಒಂದೇ ದಿನದಾಗ, ಒಂದೇ ಹಂದರದಾಗ? ಒಂದು ತಪ್ಪಿ ಕೊಟ್ಟಾಕಿಗೇ ಹೋತಂದ್ರ? ಆ ಗಂಗುಬಾಯಿ ಗಂಟು ಹಾಕಿ ಕೊಡ್ತಾಳ."

"ತಪ್ಪಂಗಿಲ್ಲ."

"ತಪ್ಪಿದ್ರ?"

"ತಪ್ಪಿದ್ರ, ಇಲ್ಲಾ ಒಂದರೆ ಕಡಿಮಿ ಬಿದ್ರ, ಸಂದೂಕ ನಿಮ್ದು. ಎಲ್ಲಾ ಹಂಚಿಬಿಡ್ರಿ. ಮದುವಿ ದಿನ ಕೀಲಿ ನಿಮ್ಮ ಕೈಯಾಗ ಕೊಡ್ತೇನಿ."

ಹೇಳುವಾಗ ಗಟ್ಟಿಯಾಗಿಯೇ ಹೇಳಿದಳು. ಆದರೆ ಇಪ್ಪತ್ತೆರಡು ವರ್ಷದ್ದನ್ನು ಒಂದು ದಿನಕ್ಕೆ ಒಡ್ಡಿದ್ದಳು. ಅಷ್ಟೇ ಅಲ್ಲ, ಮದುಮಗಳ ತಾಯಿಯಾದವಳು ಹಂದರದಲ್ಲಿ ಅರಿಷಿಣ ಕುಂಕುಮದ ತಟ್ಟೆ ಹಿಡಿದು ನಿಂತಿರಬೇಕು. ಒಳಗೆ ಕೋಣೆಯಲ್ಲಿ ಖಣ ತೆಗೆದಿಟ್ಟು ತೆಗೆದುಕೊಡಲು ಇನ್ನೊಬ್ಬಳು ಬೇಕು. ಮನೆಯಲ್ಲಿ ಇದ್ದದ್ದು ಸಕ್ಕುಬಾಯಿ ಒಬ್ಬಳೇ.

"ನನಗೇನು ತಿಳೀತದ್ರಿ ಅದು," ಎಂದಳು ಸಕ್ಕುಬಾಯಿ, ಮುಖ ಆ ಕಡೆ ಮಾಡಿ.

"ಕಲಸ್ತೇನಿ."

"ಕಲತರ ನನಗೇನು ಬರ್ತದ?"

"ಏನೂ ಬರಂಗಿಲ್ಲ," ಎಂದಳು ಬಾಳಮ್ಮ. ಆ ಉತ್ತರ ಸಕ್ಕುಬಾಯಿಗೆ ಅದೇಕೋ ಹಿಡಿಸಿತು. ಬೇರೆ ಯಾರಾದರೂ ಆಗಿದ್ದರೆ ಆಸೆ ತೋರಿಸುತ್ತಿದ್ದರು.

ಮೂರು ವಾರ ಮನೆ ಪಾಠಶಾಲೆಯಾಯಿತು. ಬೆಳಿಗ್ಗೆ ಅರಿಷಿಣ ಕುಟ್ಟುವುದು, ಮಧ್ಯಾಹ್ನ ಶಾವಿಗೆ ಹೊಸೆಯುವುದು, ಬಿಸಿಲು ಇಳಿಯುವ ಹೊತ್ತಿಗೆ ಕಂಬಳಿ ಹಾಸಿ ಸಂದೂಕ ತೆಗೆಯುವುದು. ಮೊದಲ ವಾರ ಸಕ್ಕುಬಾಯಿಗೆ ಎಲ್ಲ ಖಣವೂ ಒಂದೇ ಥರ ಕಂಡವು. ಆನೆಹೆಜ್ಜೆಯನ್ನು ತೇರು ಎಂದಳು, ತೇರನ್ನು ಬಾವಿಗಟ್ಟೆ ಎಂದಳು. ಸಾಬಮ್ಮ ಗೋಡೆಗೆ ಒರಗಿ ನಗುತ್ತಿದ್ದಳು.

"ಕಣ್ಣಿಲೆ ನೋಡಬ್ಯಾಡ, ಬೆರಳಿಲೆ ನೋಡು," ಎಂದು ಬಾಳಮ್ಮ ಅವಳ ಬೆರಳು ಹಿಡಿದು ಅಂಚಿನ ಮೇಲೆ ಆಡಿಸಿದಳು. "ಇದು ದಪ್ಪ ನೂಲು, ಹಳೇದು. ಇದು ನೋಡು, ಎಷ್ಟು ಸಣ್ಣ ಅದ. ಇದನ್ನ ನೇಯ್ದವನ ಕೈ ಬಂಗಾರದ ಕೈ. ಇದು ನಮ್ಮಕ್ಕನ ಸೀಮಂತದಾಗ ಬಂದದ್ದು, ಅಂದು ಮಳಿ ಹೊಡೀತು, ಹುಗ್ಗಿ ಎಲ್ಲಾ ನೀರಾಗಿತ್ತು."

ಖಣ ತೋರಿಸುತ್ತಿದ್ದ ಅತ್ತೆಯ ಮುಖವನ್ನು ಸಕ್ಕುಬಾಯಿ ಮೊದಲ ಸಲ ಸರಿಯಾಗಿ ನೋಡಿದಳು. ನಾಲ್ಕು ವರ್ಷ ಒಲೆಯ ಮುಂದೆ, ಗಾಣದ ಹತ್ತಿರ ಕಂಡ ಮುಖವಲ್ಲ ಅದು. ಹತ್ತು ವರ್ಷ ಕಡಿಮೆಯಾದಂತಿತ್ತು. ಈ ಮನೆಯಲ್ಲಿ ಖರ್ಚಿಲ್ಲದೆ ಸಂತೋಷಪಡುವುದು ಇವಳೊಬ್ಬಳಿಗೇ ಗೊತ್ತು ಎನ್ನಿಸಿತು.

ಎರಡನೆಯ ವಾರದ ಕೊನೆಗೆ ಸಕ್ಕುಬಾಯಿ ಎರಡು ಖಣ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಒಂದು ಕೆಂಪು, ಒಂದು ಹಸಿರು.

"ಅತ್ತಿ, ಇವೆರಡೂ ಒಂದೇ ಅವರಿ."

"ಒಂದೇ ಹ್ಯಾಂಗ ಆಗ್ತಾವ? ಅದು ಗೋದಿತೆನಿ, ಇದು ಕವಡಿಸಾಲು."

"ಈ ಹಸರು ತಿರುವಿ ಇಟ್ಟೀರಿ. ಒಳಮೈ ಮ್ಯಾಲ ಬಂದದ. ಇದನ್ನ ಹೊಳ್ಳಿಸಿ ನೋಡ್ರಿ."

ಬಾಳಮ್ಮ ಕಸಿದುಕೊಂಡು ಹೊರಳಿಸಿದಳು. ಕುಂಕುಮ ಹಚ್ಚಿ ಮಡಿಸಿ ಬಂದ ಖಣವನ್ನು ಬಿಚ್ಚಬಾರದೆಂದು ಹದಿನೈದು ವರ್ಷ ಮಡಿಕೆ ಬಿಚ್ಚದೆ ಇಟ್ಟಿದ್ದಳು. ಈಗ ಬಿಚ್ಚಿದರೆ ಒಳಗೆ ಅದೇ ಗೋದಿತೆನೆ, ಸಾಲು ತಪ್ಪದೆ. ಸಾಬಮ್ಮ ಕೆಮ್ಮು ಬರುವವರೆಗೂ ನಕ್ಕಳು. ಬಾಳಮ್ಮ ಸಂದೂಕ ಮುಚ್ಚಿ ಎದ್ದು ಹೋದಳು. ಎರಡು ದಿನ ಸೊಸೆಯೊಂದಿಗೆ ಬೇಕಾದಷ್ಟೇ ಮಾತು. ರೊಟ್ಟಿ ತಟ್ಟುವ ಸಪ್ಪಳ ಮಾತ್ರ ಜೋರಾಗಿತ್ತು.

ಮೂರನೆಯ ದಿನ ಬಾವಿಯಿಂದ ಬಂದು ಕೂತ ಸಕ್ಕುಬಾಯಿಯ ತೊಡೆಯ ಮೇಲೆ ಆ ಹಸಿರು ಖಣ ಬಿತ್ತು.

"ಹೊಲಕೊ. ಮದುವಿಗಿ ತೊಡು."

"ಅತ್ತಿ, ಸಂದೂಕದ್ದು..."

"ಸಂದೂಕದ್ದಲ್ಲ ಅದು. ನೀ ಹಿಡದದ್ದು. ನನಗಿಂತ ನಿನ್ನ ಕಣ್ಣು ಚಲೋ ಅದ," ಎಂದು ಬಾಳಮ್ಮ ಒಳಗೆ ನಡೆದಳು. ಇದನ್ನು ಹೇಳಲು ಅವಳಿಗೆ ಎರಡು ದಿನ ಹಿಡಿದಿತ್ತು, ಆದರೆ ಹೇಳಿದ್ದು ಅರೆಮನಸ್ಸಿನಿಂದಲ್ಲ.

ಮದುವೆಯ ಬೆಳಿಗ್ಗೆ ಬಾಳಮ್ಮ ಸೊಂಟದ ಕೀಲಿ ಬಿಚ್ಚಿ ಚಂದಪ್ಪನ ಕೈಗೆ ಕೊಟ್ಟಳು. ಅವನು ಅದನ್ನು ಜನಿವಾರದಷ್ಟು ಭಕ್ತಿಯಿಂದ ಉಡದಾರಕ್ಕೆ ಕಟ್ಟಿಕೊಂಡ. ಕೋಣೆಯಲ್ಲಿ ಕಂಬಳಿಯ ಎಡಕ್ಕೆ ಊರವರ ಬುಟ್ಟಿ, ಬಲಕ್ಕೆ ಹಿರೋಳ್ಳಿಯವರ ಬುಟ್ಟಿ. ಯಾರು ಯಾವುದು ತಂದರೆಂದು ಹಂದರದಲ್ಲಿ ನೋಡುವುದು ಬಾಳಮ್ಮನ ಕೆಲಸ, ಒಳಗೆ ನೆನಪಿಡುವುದು ಸಕ್ಕುಬಾಯಿಯ ಕೆಲಸ. ಹಸಿರು ಕುಪ್ಪಸ ತೊಟ್ಟ ಸಕ್ಕುಬಾಯಿ ಬಾಗಿಲಿಗೆ ಅಡ್ಡ ಕೂತಳು, ಒಂದು ಬೆಕ್ಕು ಸಹ ಒಳಗೆ ನುಸುಳಲಾರದಂತೆ.

ಗಂಗುಬಾಯಿ ಬಂದು ಆಯೇರಿ ಇಟ್ಟಾಗ ಬಾಳಮ್ಮನ ಕೈ ತಟ್ಟೆಯ ಮೇಲೇ ನಿಂತಿತು. ಮೂಲೆಯಲ್ಲಿ ನೀಲಿ ಗಂಟಿತ್ತು, ಅದು ಗೊತ್ತಿದ್ದದ್ದೇ. ಆದರೆ ಕಡುನೇರಳೆ ಬಣ್ಣದ ಆ ಖಣದ ಮೈತುಂಬ ಹಾರುವ ಗಿಳಿಯಂಥ ನೇಯ್ಗೆ. ಅಂಥದ್ದನ್ನು ಅವಳು ಈ ಜನ್ಮದಲ್ಲಿ ಕಂಡಿರಲಿಲ್ಲ. ಅದರಿಂದ ಕಣ್ಣು ಕಿತ್ತು ಅದನ್ನು ಒಳಗೆ ಕಳಿಸಿದಳು. ಮದುವೆ ಮಗಳದು, ಮರ್ಯಾದೆ ಮನೆಯದು, ಇವತ್ತು ಯಾವುದೂ ತನ್ನದಲ್ಲ ಎಂದುಕೊಂಡಳು. ಬಾಗಿಲಲ್ಲಿ ಕೂತ ಸಕ್ಕುಬಾಯಿ ಅತ್ತೆಯ ಕೈ ನಿಂತದ್ದನ್ನು ನೋಡಿದಳು, ಖಣವನ್ನು ನೋಡಿದಳು, ಅದನ್ನು ಬುಟ್ಟಿಯ ತಳಕ್ಕೆ ಹಾಕಿ ಮೇಲೆ ಬೇರೆಯವನ್ನು ಮುಚ್ಚಿದಳು.

ಊಟ ಮುಗಿದು ಜನ ಹೊರಡತೊಡಗಿದರು. ಬಾಳಮ್ಮ ಹಂದರದಿಂದ ಕೂಗುವಳು, "ಸಕ್ಕೂ, ಆಳಂದದ ಅಕ್ಕೋರಿಗಿ." ಒಳಗಿನಿಂದ ಖಣ ಬರುವುದು. "ಸಕ್ಕೂ, ಮ್ಯಾಲಿನ ಓಣಿ ಇಬ್ಬರಿಗಿ." ಎರಡು ಬರುವುದು. ಅಕ್ಕತಂಗಿಯರು ಒಂದೇ ಅಂಗಡಿಯಲ್ಲಿ ಕೊಂಡ ಒಂದೇ ಬಣ್ಣದ ಎರಡು ಚಿಕ್ಕಿ ಖಣ ತಂದಿದ್ದರು. ಸಕ್ಕುಬಾಯಿ ಅಂಚು ಮುಟ್ಟಿ ನೋಡಿ ಎರಡನ್ನೂ ಬೇರೆ ಬೇರೆ ಊರಿಗೆ ಕಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಅತ್ತೆ ಕೂಗುವ ಮೊದಲೇ ಖಣ ಹೊರಗೆ ಬರುತ್ತಿತ್ತು. ಚಂದಪ್ಪ ಕಂಬಕ್ಕೆ ಒರಗಿ ನೋಡುತ್ತಿದ್ದವನು ಮೀಸೆಯ ಮರೆಯಲ್ಲಿ ನಕ್ಕ.

ಆದರೆ ಬಟ್ಟೆಯಿಲ್ಲದ ವರ್ಷ. ಬಂದವರಲ್ಲಿ ಬಹಳ ಜನ ಬರೀ ಅಕ್ಕಿ ಕೊಬ್ಬರಿ ತಂದಿದ್ದರು. ಹಿರೋಳ್ಳಿಯಿಂದ ಹೇಳಿದ್ದಕ್ಕಿಂತ ಎರಡು ಬಂಡಿ ಹೆಚ್ಚಿಗೆ ಬಂದಿದ್ದವು. ಹಾಗಾಗಿ ಬಂದದ್ದಕ್ಕಿಂತ ಹೋದದ್ದು ಹೆಚ್ಚಾಯಿತು. ಹದಿನಾರರ ಆಸರೆ ಕರಗಿತು. ಹೊತ್ತು ಇಳಿಯುವಾಗ ಉಡಿ ತುಂಬಬೇಕಾದವಳು ಒಬ್ಬಳೇ ಉಳಿದಿದ್ದಳು, ಗಂಗುಬಾಯಿ. ಬುಟ್ಟಿಯಲ್ಲಿ ಉಳಿದದ್ದೂ ಒಂದೇ ಖಣ, ಗಂಗುಬಾಯಿಯದೇ.

"ಸಕ್ಕೂ, ಹಿರೋಳ್ಳಿ ಬೀಗತಿಗಿ," ಎಂದು ಬಾಳಮ್ಮ ಕೂಗಿದಳು.

ಖಣ ಬರಲಿಲ್ಲ. ಬಾಳಮ್ಮ ತಿರುಗಿ ನೋಡಿದಳು. ಸೊಸೆಯ ಮುಖ ನೋಡಿದೊಡನೆ ಅವಳಿಗೆ ಎಲ್ಲ ಗೊತ್ತಾಯಿತು. ಗಂಗುಬಾಯಿ ಸೆರಗಿನ ಉಡಿ ಒಡ್ಡಿಕೊಂಡು ನಿಂತೇ ಇದ್ದಳು. ಚಂದಪ್ಪನ ಕೈ ಉಡದಾರದ ಕಡೆಗೆ ಹೋಯಿತು. ಬಾಳಮ್ಮ ಒಂದು ಗಳಿಗೆ ಕಣ್ಣು ಮುಚ್ಚಿದಳು. ಹೋಗಲಿ, ಮಗಳು ಸುಖವಾಗಿರಲಿ ಎಂದುಕೊಂಡಳು.

ಅಷ್ಟರಲ್ಲಿ ಸಕ್ಕುಬಾಯಿ ಹೊರಗೆ ಬಂದು ತಟ್ಟೆಯಲ್ಲಿ ಒಂದು ಖಣ ಇಟ್ಟಳು. ಹಳದಿ ಮೈ, ಕೆಂಪು ಅಂಚು, ಕಳವಾರ. ಬಾಳಮ್ಮನಿಗೆ ಗುರುತು ಸಿಗಲು ಎರಡನೆಯ ನೋಟ ಬೇಕಾಗಲಿಲ್ಲ. ಬೆಳಿಗ್ಗೆ ಸಕ್ಕುಬಾಯಿಯ ತಾಯಿ ಬಂದು ಮಗಳ ಉಡಿಗೆ ಹಾಕಿದ ತವರಿನ ಖಣ ಅದು. ತವರಿನ ಖಣವನ್ನು ಯಾವ ಹೆಣ್ಣುಮಗಳೂ ತಿರುಗಿಸುವುದಿಲ್ಲ.

"ತುಂಬ್ರಿ ಅತ್ತಿ, ಬಂಡಿಗಿ ಹೊತ್ತಾಗ್ತದ," ಎಂದಳು ಸಕ್ಕುಬಾಯಿ ಸಲೀಸಾಗಿ.

ಬಾಳಮ್ಮ ಅಕ್ಕಿ ಹಾಕಿದಳು, ಕೊಬ್ಬರಿ ಹಾಕಿದಳು, ಖಣ ಹಾಕಿದಳು. ಗಂಗುಬಾಯಿ ಅಲ್ಲೇ ನಿಂತು ಖಣದ ನಾಲ್ಕೂ ಮೂಲೆ ಮುಟ್ಟಿ ನೋಡಿದಳು. ಗಂಟಿರಲಿಲ್ಲ.

"ನಾಕು ಬಂಡಿ ಹೆಣಮಕ್ಕಳು ಬಂದೇವಿ. ಒಬ್ಬರಿಗೂ ತಮ್ಮದು ತಮಗ ಬಂದಿಲ್ಲ. ಎಲ್ಲಾರನ್ನೂ ಕೇಳೇ ಬಂದೇನಿ," ಎಂದಳು. ಆಮೇಲೆ ಮದುಮಗಳ ಕಡೆ ನೋಡಿ, "ಇಂಥಾ ಮನಿ ಮಗಳು ನಮ್ಮ ಮನಿಗಿ ಬರ್ತಾಳಂದ್ರ ನಮ್ಮ ಪುಣ್ಯ ನೋಡವ್ವಾ," ಎಂದು ಬಂಡಿ ಹತ್ತಿದಳು.

ಬಂಡಿಗಳ ಧೂಳು ಇಳಿದ ಮೇಲೆ ಚಂದಪ್ಪ ಬಂದು ಕೀಲಿ ಬಿಚ್ಚಿ ಹೆಂಡತಿಯ ಮುಂದೆ ಹಿಡಿದ. "ಸೋತೆ ಮಾರಾಯ್ತಿ. ಇನ್ನೊಮ್ಮಿ ಆ ಸಂದೂಕದ ಮಾತು ಎತ್ತಿದ್ರ ನನ್ನ ಚಿಲುಮಿ ಒಡಿ."

ಬಾಳಮ್ಮ ಕೀಲಿ ತೆಗೆದುಕೊಳ್ಳಲಿಲ್ಲ. ಸೊಸೆಯ ಕಡೆ ಕೈ ತೋರಿಸಿದಳು. "ಅಕಿಗಿ ಕೊಡ್ರಿ. ಗೆದ್ದಾಕಿ ಅಕಿ." ಮತ್ತೆ ಸೊಸೆಗೆ, "ತವರಿಂದ ಬಂದದ್ದು ಯಾಕ ಕೊಟ್ಟಿಯವ್ವಾ?" ಎಂದಳು. ಈಗ ಅವಳು ಅಳುವುದನ್ನು ತಡೆಯಲಿಲ್ಲ.

ಸಕ್ಕುಬಾಯಿ ಒಳಗೆ ಹೋಗಿ ನೇರಳೆ ಖಣ ತಂದು ಅತ್ತೆಯ ಮಡಿಲಿಗೆ ಹಾಕಿದಳು. "ಕಳವಾರ ನಿಮ್ಮ ಸಂದೂಕದಾಗ ಅದರಿ. ಇದು ಇದ್ದಿಲ್ಲ," ಎಂದಳು. ಮಾವನಿಂದ ಕೀಲಿ ತೆಗೆದುಕೊಂಡು ತಾನೇ ಬೀಗ ತೆಗೆದಳು. ಇಬ್ಬರೂ ಕೂಡಿ ಬೇವಿನೆಲೆ ಸರಿಸಿ ಗಿಳಿಯ ಖಣಕ್ಕೆ ಜಾಗ ಮಾಡಿದರು.

ಎಂಟು ದಿನಕ್ಕೆ ಕೆಳಗಿನ ಓಣಿಯ ಬಸವಂತರಾಯನ ಹೆಂಡತಿ ಬಂದಳು. ಅವಳ ಮನೆಯಲ್ಲಿ ಫಾಲ್ಗುಣಕ್ಕೆ ಎರಡು ಮದುವೆ, ಕೈಯಲ್ಲಿ ಹತ್ತು ಖಣವಿಲ್ಲ. ಬಾಳಮ್ಮ ರೊಟ್ಟಿ ತಟ್ಟುತ್ತಿದ್ದಳು, ಸಕ್ಕುಬಾಯಿ ಬೇಯಿಸುತ್ತಿದ್ದಳು.

"ಅತ್ತಿ ಸೊಸಿ ಇಬ್ಬರೂ ಬಂದು ಖಣದ ಮುಂದ ಕುಂದರಬೇಕ್ರಿ. ಎರಡು ದಿನದ ಕೂಲಿ ಏನು ಕೊಡಬೇಕು ಹೇಳ್ರಿ, ಜೋಳಾನೋ, ರೊಕ್ಕಾನೋ," ಎಂದಳು.

ಗುಮ್ಮಿಯಲ್ಲಿ ಜೋಳ ತಳ ಕಂಡಿತ್ತು. ಬಾಳಮ್ಮ ಬಾಯಿ ತೆರೆಯುವಷ್ಟರಲ್ಲಿ ಸಕ್ಕುಬಾಯಿ ರೊಟ್ಟಿ ಹೊರಳಿಸುತ್ತ ಹೇಳಿದಳು.

"ಜೋಳ ಇಬ್ಬರಿಗಿ ಎರಡು ದಿನದ್ದು ಕೊಡ್ರಿ. ಮ್ಯಾಲ ಬಂದ ಖಣದಾಗ ನಮ್ಮ ಸಂದೂಕದಾಗ ಇಲ್ಲದ್ದು ಒಂದಿದ್ರ, ಅದು ನಮ್ದು."

ಬಾಳಮ್ಮ ಹಿಟ್ಟಿನ ಕೈಯಲ್ಲೇ ಸೆರಗು ಬಾಯಿಗೆ ಹಿಡಿದು ನಕ್ಕಳು. ಕೂಲಿಯ ಮಾತನ್ನು ಅವಳು ಕೇಳಿಸಿಕೊಂಡೇ ಇರಲಿಲ್ಲ. "ನಮ್ಮ ಸಂದೂಕ" ಎಂದದ್ದಷ್ಟೇ ಕೇಳಿಸಿತ್ತು.